ಸಾಕಿ ಸಾಕಾದ ಹಂದಿಗಳನ್ನು ಬರಮಾಡಿಕೊಳ್ಳುವವರಿಗೆ

ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ಕೆಲವೇ ಎಕರೆಗಳ ಸಣ್ಣ ಹಿಡುವಳಿ ಮಾಡಿಕೊಂಡು ಕುರಿ, ಕೋಳಿ, ತರಕಾರಿಗಳ ನಡುವೆ ಬದುಕು ಕಟ್ಟಿಕೊಂಡಿರುವ ಎಲ್ಲರಿಗೆ, ಅವರಲ್ಲಿ ಕನ್ನಡ ಬಲ್ಲವರಿದ್ದರೆ ವಿಶೇಷವಾಗಿ ಅವರಿಗೆ.



ಮುದ್ದಿಗೆಂದು ತಂದ ಹಂದಿಮರಿಯು ಎರಡು ಮೂರು ವರ್ಷಗಳಲ್ಲಿ ಸೋಫಾವನ್ನೂ ಹಿತ್ತಿಲನ್ನೂ ನೆರೆಮನೆಯವರ ತಾಳ್ಮೆಯನ್ನೂ ಮೀರಿ ಬೆಳೆದುನಿಂತಾಗ, ಅದನ್ನು ಎಲ್ಲಿಗೆ ಸಾಗಹಾಕುವುದೆಂದು ಚಿಂತಿಸುವ ಪೇಟೆಯ ಕುಟುಂಬಗಳಿಗೆ ಮೊದಲು ನೆನಪಾಗುವವರು ಊರ ಹೊರಗೆ ಜಮೀನು ಇಟ್ಟುಕೊಂಡವರು. ಆಶ್ರಯಧಾಮಗಳಲ್ಲಿ ಜಾಗ ಸಿಗುವುದು ಕಷ್ಟ. ಕಸಾಯಿಖಾನೆಗೆ ಕಳಿಸಲು ಮನಸ್ಸು ಒಪ್ಪುವುದಿಲ್ಲ. ಹಿಡುವಳಿದಾರರಲ್ಲಾದರೋ ನೆಲವಿದೆ, ಕೊಟ್ಟಿಗೆಯಿದೆ, ಪ್ರಾಣಿಗಳ ಮೇಲೆ ಅಕ್ಕರೆಯಿದೆ. ಇಂಥ ಕೋರಿಕೆ ಬಂದಾಗ ಅದನ್ನು ತಿರಸ್ಕರಿಸಬೇಕೆಂದು ಈ ಪತ್ರವು ವಾದಿಸುವುದಿಲ್ಲ. ಷರತ್ತುಗಳಿಲ್ಲದೆ ಒಪ್ಪಿಕೊಳ್ಳಬಾರದು ಎಂಬುದಷ್ಟೇ ಇದರ ನಿಲುವು. ಏಕೆಂದರೆ ಹಂದಿಯೊಂದಿಗೆ ಹಿಂದಿನ ಮನೆಯವರು ಮಾಡದೆ ಬಿಟ್ಟ ಕೆಲಸಗಳೆಲ್ಲ ಸಾಲದ ರೂಪದಲ್ಲಿ ಹಿಡುವಳಿದಾರರ ಹೆಗಲಿಗೆ ಬರುತ್ತವೆ, ಮತ್ತು ಆ ಸಾಲವನ್ನು ಕೊಡುವವರಿಂದಲೇ ತೀರಿಸಿಕೊಳ್ಳಲು ಇರುವ ಅವಕಾಶವು ಹಂದಿ ಗೇಟಿನೊಳಗೆ ಕಾಲಿಡುವ ಮುಂಚಿನ ಕೆಲವು ದಿನಗಳು ಮಾತ್ರ.

ಹಂದಿಯನ್ನು ಊರ ಬೀದಿಯಲ್ಲೋ ಕೊಡಗಿನ ಊಟದ ಎಲೆಯಲ್ಲೋ ವರಾಹಮೂರ್ತಿಯ ಶಿಲ್ಪದಲ್ಲೋ ಕಂಡು ಬೆಳೆದ ಕನ್ನಡದ ಓದುಗರಿಗೆ, ಅದು ಹಾಸಿಗೆಯ ಮೇಲೆ ಮಲಗುವ ಪ್ರಾಣಿಯಾದದ್ದು ಹೇಗೆಂಬುದನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ವಿಯೆಟ್ನಾಮಿನ ಗುಡಾಣಹೊಟ್ಟೆಯ ಸಣ್ಣ ತಳಿಯ ಹಂದಿಗಳು 1980ರ ದಶಕದ ನಡುವಿನಲ್ಲಿ ಕೆನಡಾಕ್ಕೂ ಅಲ್ಲಿಂದ ಅಮೆರಿಕಕ್ಕೂ ಬಂದು, ಮೃಗಾಲಯಗಳಿಂದ ಮನೆಗಳಿಗೆ ದಾಟಿದವು. ನ್ಯೂಜಿಲೆಂಡಿನ ಮಾವೊರಿ ಜನರು ಸಾಕುತ್ತಿದ್ದ, ಗಲ್ಲದ ಕೆಳಗೆ ಗಂಟೆಯಂತೆ ಎರಡು ಜೋಲುಗಳಿರುವ ಕುನೆಕುನೆ ತಳಿಯು ಅಳಿವಿನ ಅಂಚಿಗೆ ಹೋಗಿ, 1970ರ ದಶಕದ ಕೊನೆಯಲ್ಲಿ ಕೇವಲ 18 ಹಂದಿಗಳಿಂದ ಮರುಜೀವ ಪಡೆದು, 1992ರಲ್ಲಿ ಬ್ರಿಟನ್ನಿಗೆ ಬಂದಿತು. ಈ ತಳಿಗಳ ಮಿಶ್ರಣಗಳಿಗೆ ವ್ಯಾಪಾರಿಗಳು ‘ಮೈಕ್ರೋ ಪಿಗ್’, ‘ಟೀಕಪ್ ಪಿಗ್’ ಎಂಬ ಹೆಸರಿಟ್ಟು ಮಾರತೊಡಗಿದರು. ಆದರೆ ಅಂಥದೊಂದು ಪ್ರತ್ಯೇಕ ತಳಿ ಇಲ್ಲವೇ ಇಲ್ಲ. ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1960ರ ದಶಕದಲ್ಲಿ ಪ್ರಯೋಗಾಲಯದ ಬಳಕೆಗಾಗಿ ಪಟ್ಟುಹಿಡಿದು ಕಿರಿದುಗೊಳಿಸಿದ ಹಂದಿಯೂ ಪ್ರಾಯಕ್ಕೆ ಬಂದಾಗ 35ರಿಂದ 45 ಕಿಲೋ ತೂಗುತ್ತದೆ. ವಿಯೆಟ್ನಾಮಿನ ತಳಿ ಸಾಮಾನ್ಯವಾಗಿ 45ರಿಂದ 90 ಕಿಲೋ ತಲುಪುತ್ತದೆ. ಕುನೆಕುನೆ ಅದಕ್ಕೂ ಮೇಲೆ ಹೋಗಬಲ್ಲದು.

ಮಾರಾಟದ ಕೌಶಲವಿರುವುದು ಹಂದಿಯ ಶರೀರಧರ್ಮದ ಒಂದು ವೈಚಿತ್ರ್ಯವನ್ನು ಬಳಸಿಕೊಳ್ಳುವುದರಲ್ಲಿ. ಹಂದಿಯ ಮೂಳೆಗಳು ಸುಮಾರು ಮೂರು ವರ್ಷದವರೆಗೆ ಬೆಳೆಯುತ್ತಲೇ ಇರುತ್ತವೆ, ಆದರೆ ಸಂತಾನಶಕ್ತಿಯು ಸಣ್ಣ ತಳಿಗಳಲ್ಲಿ ಮೂರು ನಾಲ್ಕು ತಿಂಗಳಿಗೇ ಬಂದುಬಿಡುತ್ತದೆ; ಹೀಗಾಗಿ ಕೊಳ್ಳಲು ಬಂದವರಿಗೆ ಮರಿಯ ತಂದೆತಾಯಿಗಳೆಂದು ತೋರಿಸುವ ಹಂದಿಗಳು ನಿಜವಾಗಿ ತಂದೆತಾಯಿಗಳೇ ಆಗಿದ್ದರೂ, ತಾವಿನ್ನೂ ಅರ್ಧ ಬೆಳೆದ ಮರಿಗಳಾಗಿರುತ್ತವೆ. ಇದು ಸಾಲದೆಂಬಂತೆ ದಿನಕ್ಕೆ ಇಷ್ಟೇ ಚಮಚ ಆಹಾರ ಹಾಕಿದರೆ ಹಂದಿ ಚಿಕ್ಕದಾಗಿಯೇ ಉಳಿಯುವುದೆಂಬ ಉಪದೇಶವೂ ಕೆಲವೆಡೆ ಸಿಗುತ್ತದೆ. ಮರಿಯನ್ನು ಹಸಿವಿನಲ್ಲಿಟ್ಟು ಆಕಾರ ಕಾಪಾಡುವ ಈ ಸಲಹೆಗೆ ಕ್ರೌರ್ಯವೆಂದಲ್ಲದೆ ಬೇರೆ ಹೆಸರಿಲ್ಲ. ಕೆನಡಾದ ಒಂಟಾರಿಯೊದಲ್ಲಿ ಸ್ಟೀವ್ ಜೆಂಕಿನ್ಸ್ ಮತ್ತು ಡೆರೆಕ್ ವಾಲ್ಟರ್ ಎಂಬವರು 2012ರಲ್ಲಿ ಕಿರುಹಂದಿಯೆಂದು ನಂಬಿ ತಂದ ಎಸ್ತರ್ ಎಂಬ ಮರಿ, ಮಾಂಸಕ್ಕಾಗಿ ಸಾಕುವ ಸಾಮಾನ್ಯ ತಳಿಯದೆಂದು ಬೆಳೆಯುತ್ತ ಹೋದಂತೆ ತಿಳಿದು, ಅದರ ತೂಕ 270 ಕಿಲೋ ದಾಟಿತು. ಅವರು ಅದಕ್ಕಾಗಿ ಮನೆಯನ್ನೇ ಬಿಟ್ಟು 2014ರಲ್ಲಿ ಜಮೀನಿಗೆ ಹೋಗಿ ನೆಲೆಸಿದರು, ಹಂದಿ 2023ರವರೆಗೆ ಬದುಕಿತ್ತು. ಅಲ್ಲಿ ಸಾಕಿದವರೇ ಹಿಡುವಳಿದಾರರಾದರು. ಹೆಚ್ಚಿನ ಕಡೆ ಹಾಗಾಗುವುದಿಲ್ಲ; ಬೇರೊಬ್ಬ ಹಿಡುವಳಿದಾರರನ್ನು ಹುಡುಕಲಾಗುತ್ತದೆ, ಅವರು ಸುಲಭವಾಗಿ ಸಿಕ್ಕಷ್ಟೂ ಮುಂದಿನ ಮರಿ ಸುಲಭವಾಗಿ ಮಾರಾಟವಾಗುತ್ತದೆ.

ಕೊಡುವವರಿಂದ ಕೇಳಬೇಕಾದದ್ದರಲ್ಲಿ ಮೊದಲಿನದು ಕಾಗದಪತ್ರ. ಬ್ರಿಟನ್ನಿನ ಕಾನೂನಿಗೆ ಮುದ್ದಿನ ಹಂದಿ, ಮಾಂಸದ ಹಂದಿ ಎಂಬ ಭೇದವಿಲ್ಲ. ಮೂರನೆಯ ಮಹಡಿಯ ಮನೆಯಲ್ಲಿ ರಿಬ್ಬನ್ ಕಟ್ಟಿಕೊಂಡು ಓಡಾಡುವ ಒಂಟಿ ಹಂದಿಯೂ ಕೃಷಿಪ್ರಾಣಿಯೇ. ಇಂಗ್ಲೆಂಡಿನ ನಿಯಮದಂತೆ ಹಂದಿಯಿರುವ ಪ್ರತಿಯೊಂದು ಸ್ಥಳಕ್ಕೂ ಕೌಂಟಿ ಪ್ಯಾರಿಷ್ ಹೋಲ್ಡಿಂಗ್ ಸಂಖ್ಯೆ, ಅಂದರೆ ಆ ನೆಲವನ್ನು ಗುರುತಿಸುವ ಒಂಬತ್ತು ಅಂಕಿಗಳ ಸಂಖ್ಯೆ ಇರಬೇಕು. ಅಲ್ಲಿನ ಹಂದಿಗಳಿಗೆ ಅಕ್ಷರ ಮತ್ತು ಅಂಕಿಗಳಿಂದಾದ ಹಿಂಡುಗುರುತು ಇರಬೇಕು. ಒಂದು ಸ್ಥಳದಿಂದ ಇನ್ನೊಂದಕ್ಕೆ ಸಾಗಿಸುವಾಗ ಅಧಿಕೃತ ಸಾಗಣೆ ಪರವಾನಗಿ ಬೇಕು. ಒಂದು ವರ್ಷ ದಾಟಿದ ಹಂದಿಯನ್ನು ಕಿವಿಯೋಲೆ, ಹಚ್ಚೆ ಅಥವಾ ಚರ್ಮಕ್ಕೆ ಒತ್ತಿದ ಗುರುತಿನೊಂದಿಗೆ ಮಾತ್ರ ಸಾಗಿಸಬಹುದು. ಹಂದಿಗೆ ಕೊರಳಪಟ್ಟಿ ಹಾಕಿ ಹಾದಿಯಲ್ಲಿ ಅಡ್ಡಾಡಿಸಲೂ ಪ್ರಾಣಿ ಮತ್ತು ಸಸ್ಯ ಆರೋಗ್ಯ ಸಂಸ್ಥೆಯ ಅನುಮತಿ ಬೇಕೆಂಬುದನ್ನು ಕೇಳಿ ನಗುವವರಿದ್ದಾರೆ, ಆದರೆ ಅನುಮತಿಯಲ್ಲಿ ಯಾವ ದಾರಿಯಲ್ಲಿ ನಡೆಸಬೇಕೆಂಬುದೂ ಗೊತ್ತುಮಾಡಿರುತ್ತದೆ. ಪೇಟೆಯ ಮನೆಯವರು ನೋಂದಣಿಯನ್ನೇ ಮಾಡಿಸಿರದಿದ್ದರೆ ಹಂದಿಯನ್ನು ಅಲ್ಲಿಂದ ಹೊರಡಿಸುವುದೇ ನಿಯಮಬಾಹಿರ. ರಾತ್ರೋರಾತ್ರಿ ವ್ಯಾನಿನಲ್ಲಿ ತಂದಿಳಿಸಿದರೆ ತಪ್ಪು ಇಬ್ಬರದೂ ಆಗುತ್ತದೆ. ಹಂದಿ ಬಂದಿಳಿದ ದಿನದಿಂದ 20 ದಿನ ಆ ಹಿಡುವಳಿಯಿಂದ ಬೇರೆ ಹಂದಿಗಳೂ, 6 ದಿನ ದನ, ಕುರಿ, ಆಡುಗಳೂ ಸಾಮಾನ್ಯವಾಗಿ ಹೊರಗೆ ಹೋಗುವಂತಿಲ್ಲ. ಶನಿವಾರದ ಸಂತೆಗೆ ಕುರಿ ಕಳಿಸಬೇಕೆಂದಿರುವವರು ಬುಧವಾರ ಹಂದಿಗೆ ಗೇಟು ತೆರೆಯುವ ಮೊದಲು ಲೆಕ್ಕ ಹಾಕಬೇಕಾದದ್ದು ಇದೇ ಕಾರಣಕ್ಕೆ.

ಇಷ್ಟೊಂದು ಬಿಗಿಯ ಹಿಂದೆ 2001ರ ಕಾಲುಬಾಯಿ ಜ್ವರದ ನೆನಪಿದೆ. ಆ ವರ್ಷದ ಫೆಬ್ರುವರಿಯಲ್ಲಿ ಎಸೆಕ್ಸಿನ ಕಸಾಯಿಖಾನೆಯೊಂದರ ಹಂದಿಗಳಲ್ಲಿ ರೋಗ ಕಾಣಿಸಿಕೊಂಡಿತು. ಮೂಲವನ್ನು ಹುಡುಕುತ್ತ ಹೋದ ತನಿಖೆ ಮುಟ್ಟಿದ್ದು ನಾರ್ತಂಬರ್‌ಲ್ಯಾಂಡಿನ ಹೆಡನ್ ಆನ್ ದಿ ವಾಲ್ ಎಂಬಲ್ಲಿನ ಹಂದಿ ಸಾಕಣೆಯೊಂದನ್ನು, ಅಲ್ಲಿ ಸರಿಯಾಗಿ ಕುದಿಸದ ಕಲಗಚ್ಚನ್ನು ಹಂದಿಗಳಿಗೆ ಉಣಿಸಲಾಗಿತ್ತೆಂಬ ಅಂಶವನ್ನು. ರೋಗ ಹತೋಟಿಗೆ ಬರುವುದರೊಳಗೆ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು, ಅವುಗಳಲ್ಲಿ ಬಹುಪಾಲು ಕುರಿಗಳು. ಅಂದಿನಿಂದ ಹಂದಿಗೆ ಕಲಗಚ್ಚು ಹಾಕುವುದು ನಿಷಿದ್ಧ. ಮುಸುರೆಯನ್ನು ದನಕ್ಕೆ ಇಟ್ಟು, ಉಳಿದ ಅನ್ನವನ್ನು ಚೆಲ್ಲುವುದು ಪಾಪವೆಂದು ನಂಬಿದ ಮನೆಗಳಿಂದ ಬಂದವರಿಗೆ ಈ ನಿಯಮ ವಿಚಿತ್ರವಾಗಿ ಕಂಡೀತು. ಮಾಂಸವನ್ನೇ ಬೇಯಿಸದ ಸಸ್ಯಾಹಾರಿ ಮನೆಯ ಅಡುಗೆಕೋಣೆಗೂ ಇದು ಅನ್ವಯಿಸುತ್ತದೆ, ಏಕೆಂದರೆ ಅಲ್ಲಿ ಹಾಲು, ಮೊಸರು, ಬೆಣ್ಣೆಗಳಿರುತ್ತವೆ. ತೋಟದಿಂದ ಕಿತ್ತ ಎಲೆಕೋಸನ್ನು ನೇರವಾಗಿ ಹಂದಿಯ ಮುಂದೆ ಹಾಕಬಹುದು. ಅದೇ ಎಲೆಕೋಸು ಒಮ್ಮೆ ಅಡುಗೆಮನೆಯ ಹೊಸ್ತಿಲು ದಾಟಿ ಒಳಗೆ ಹೋಗಿಬಂದರೆ ಹಾಕುವಂತಿಲ್ಲ. ಆಫ್ರಿಕದ ಹಂದಿಜ್ವರವು 2007ರಲ್ಲಿ ಜಾರ್ಜಿಯಾಕ್ಕೂ 2020ರಲ್ಲಿ ಜರ್ಮನಿಗೂ, ಅದೇ ವರ್ಷ ಭಾರತದ ಅಸ್ಸಾಮಿಗೂ ಬಂದಿದೆ. ಅದರ ವೈರಸ್ಸು ಉಪ್ಪುಹಾಕಿ ಒಣಗಿಸಿದ ಮಾಂಸದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದಾದ್ದರಿಂದ ಯಾರದೋ ಬುತ್ತಿಯಲ್ಲಿ ಉಳಿದ ಸ್ಯಾಂಡ್‌ವಿಚ್ಚಿನ ತುಂಡೂ ಇಂದು ಅಪಾಯದ ವಸ್ತು. ಪೇಟೆಯ ಮನೆಯಲ್ಲಿ ಬಿಸ್ಕತ್ತು, ಪಿಜ್ಜಾ ತಿಂದು ಬೆಳೆದ ಹಂದಿಯ ನಾಲಗೆಯ ಅಭ್ಯಾಸ ಬಿಡಿಸುವ ಪ್ರಯಾಸವಂತೂ ಬೇರೆಯೇ.

ಎರಡನೆಯ ಷರತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಮತ್ತು ಸಾಮಾನ್ಯವಾಗಿ ಮುಲಾಜಿಗೆ ಬಿದ್ದು ಬಿಟ್ಟುಕೊಡುವಂಥದ್ದು: ಗಂಡು ಹಂದಿಗೆ ಬೀಜ ಒಡೆಸದೆ ಹಿಡುವಳಿಗೆ ತರಬಾರದು. ಬ್ರಿಟನ್ನಿನಲ್ಲಿ ಮರಿಗೆ ಏಳು ದಿನ ದಾಟಿದ ಮೇಲೆ ಈ ಕೆಲಸವನ್ನು ಅರಿವಳಿಕೆ ಕೊಟ್ಟು ಪಶುವೈದ್ಯರೇ ಮಾಡಬೇಕು. ಪ್ರಾಯದ ಗಂಡಿನಲ್ಲಿ ಅದು ಸಣ್ಣ ಶಸ್ತ್ರಕ್ರಿಯೆಯಲ್ಲ, ಖರ್ಚೂ ಕಡಿಮೆಯಲ್ಲ. ಆ ಖರ್ಚನ್ನು ಕೊಡುವವರೇ ಭರಿಸಿ, ಹೊರಡುವ ಮೊದಲೇ ಮುಗಿಸಿಕೊಡಬೇಕೆಂದು ಕೇಳುವುದರಲ್ಲಿ ಸಂಕೋಚಪಡುವ ಅಗತ್ಯವಿಲ್ಲ. ಬೀಜ ಒಡೆಸದ ಗಂಡಿನ ಕೋರೆಹಲ್ಲು ಜೀವಮಾನವಿಡೀ ಬೆಳೆಯುತ್ತದೆ, ಬಾಯಲ್ಲಿ ನೊರೆಯುಕ್ಕುತ್ತದೆ, ಮೈಯ ನಾತ ಬಟ್ಟೆಗೆ ಹತ್ತಿದರೆ ಒಗೆದರೂ ಹೋಗುವುದಿಲ್ಲ. ಆದರೆ ಇವೆಲ್ಲಕ್ಕಿಂತ ದೊಡ್ಡ ತೊಡಕು ಸಂಖ್ಯೆಯದು. ಹೆಣ್ಣು ಹಂದಿ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಗಬ್ಬ ನಿಂತ 114 ದಿನಗಳ ಸುಮಾರಿಗೆ ಈಯುತ್ತದೆ, ಸಣ್ಣ ತಳಿಗಳಲ್ಲಿಯೂ ಒಂದು ಸೂಲಿಗೆ ಆರೆಂಟು ಮರಿಗಳು ಸಾಮಾನ್ಯ, ಮತ್ತು ಆ ಮರಿಗಳು ತಾಯಿಯ ಹಾಲು ಬಿಟ್ಟ ಕೆಲವೇ ವಾರಗಳಲ್ಲಿ ತಾಯಿಯನ್ನೂ ಒಡಹುಟ್ಟುಗಳನ್ನೂ ಗಬ್ಬಗಟ್ಟಿಸಬಲ್ಲವು. ಕರುಣೆಯಿಂದ ಬರಮಾಡಿಕೊಂಡ ಒಂದು ಗಂಡು, ಎರಡು ಹೆಣ್ಣು ವರ್ಷ ತುಂಬುವ ವೇಳೆಗೆ ಮೂವತ್ತನ್ನು ದಾಟುವುದಕ್ಕೆ ಯಾರ ದುರುದ್ದೇಶವೂ ಬೇಕಾಗಿಲ್ಲ, ಒಂದು ಸಡಿಲವಾದ ಬೇಲಿ ಸಾಕು. ಬೀಜ ಒಡೆಸಿದ ನಂತರವೂ ಕೆಲವು ವಾರ ಗಂಡಿನಲ್ಲಿ ಫಲವತ್ತತೆ ಉಳಿದಿರುತ್ತದೆ ಎಂಬುದನ್ನು ಮರೆತವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ಹೆಣ್ಣಿನ ವಿಷಯ ಇನ್ನೂ ಜಟಿಲ. ಗರ್ಭಕೋಶ ತೆಗೆಸದೆ ಮುಪ್ಪಿಗೆ ಬಂದ ಸಾಕುಹಂದಿಗಳಲ್ಲಿ ಗರ್ಭಕೋಶದ ಗೆಡ್ಡೆಗಳು ಹೆಚ್ಚಾಗಿ ಕಾಣಿಸುತ್ತವೆ. ಆದರೆ ಕೊಬ್ಬಿನ ಪದರಗಳ ಅಡಿಯಲ್ಲಿ ಮಾಡಬೇಕಾದ ಆ ಶಸ್ತ್ರಕ್ರಿಯೆಗೆ ಒಪ್ಪುವ ವೈದ್ಯರು ಎಲ್ಲ ಊರಲ್ಲೂ ಇರುವುದಿಲ್ಲ. ಹಂದಿಯನ್ನು ಬಲ್ಲ ಪಶುವೈದ್ಯರು ಹತ್ತಿರದಲ್ಲಿ ಯಾರಿದ್ದಾರೆಂದು ವಿಚಾರಿಸುವುದು ಹಂದಿಯನ್ನು ನೋಡಲು ಹೋಗುವುದಕ್ಕಿಂತ ಮೊದಲಿನ ಕೆಲಸ.

ಹಂದಿ ಒಂಟಿಯಾಗಿ ಬಾಳುವ ಪ್ರಾಣಿಯಲ್ಲ. ಮನುಷ್ಯರ ನಡುವೆಯೇ ಬೆಳೆದ ಒಂಟಿ ಹಂದಿಯು ಆ ಮನೆಯ ಜನರನ್ನೇ ತನ್ನ ಹಿಂಡೆಂದು ತಿಳಿದು, ಪ್ರಾಯ ಬಂದಂತೆ ಹಿಂಡಿನಲ್ಲಿ ಮೇಲಿನ ಸ್ಥಾನಕ್ಕಾಗಿ ಅತಿಥಿಗಳನ್ನೂ ಮಕ್ಕಳನ್ನೂ ತಳ್ಳಿ ಕಚ್ಚತೊಡಗುತ್ತದೆ. ಬಹಳಷ್ಟು ಹಂದಿಗಳು ಮನೆ ಬಿಡಬೇಕಾಗುವುದು ತೂಕದಷ್ಟೇ ಈ ವರ್ತನೆಯಿಂದ, ಆದರೆ ಕೊಡುವವರು ಅದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಜೋಡಿಯಾಗಿ ಬೆಳೆದವನ್ನು ಜೋಡಿಯಾಗಿಯೇ ತೆಗೆದುಕೊಳ್ಳಬೇಕು. ಈಗಾಗಲೇ ಹಂದಿಗಳಿರುವ ಹಿಡುವಳಿಗೆ ಹೊಸದನ್ನು ಸೇರಿಸುವಾಗ ಮೊದಲು ಕೆಲವು ವಾರ ದೂರದ ರೊಪ್ಪದಲ್ಲಿಟ್ಟು ಕಜ್ಜಿ, ಜಂತುಹುಳಗಳಿಗೆ ಮದ್ದು ಮಾಡಿ, ಅನಂತರ ಬೇಲಿಯ ಈಚೆ ಆಚೆ ಮೂತಿಗೆ ಮೂತಿ ತಾಗುವಂತೆ ಬಿಟ್ಟು, ಕೊನೆಗೆ ಯಾರದೂ ಅಲ್ಲದ ವಿಶಾಲವಾದ ಜಾಗದಲ್ಲಿ ಒಟ್ಟುಗೂಡಿಸುವುದು ರೂಢಿ. ಆಗಲೂ ಜಗಳ ತಪ್ಪುವುದಿಲ್ಲ. ಎರಡೂ ಹಂದಿಗಳು ಭುಜಕ್ಕೆ ಭುಜ ಕೊಟ್ಟು ಸುತ್ತುತ್ತ, ತಲೆಯನ್ನು ಓರೆಯಾಗಿ ಮೇಲಕ್ಕೆತ್ತಿ ಎದುರಾಳಿಯ ಕಿವಿ ಮತ್ತು ಕತ್ತಿಗೆ ಬಾಯಿ ಹಾಕುತ್ತವೆ. ಒಂದು ಬೆನ್ನು ತಿರುಗಿಸಿ ಓಡಿತೆಂದರೆ ತೀರ್ಮಾನವಾದಂತೆ. ಓಡಲು ಜಾಗವಿಲ್ಲದ ಮೂಲೆಯಲ್ಲಿ ಈ ತೀರ್ಮಾನ ಆಗುವುದೇ ಇಲ್ಲ, ಗಾಯವಷ್ಟೇ ಆಗುತ್ತದೆ. ನಡುವೆ ಕೈ ಹಾಕದೆ ಹಲಗೆಯೊಂದನ್ನು ಹಿಡಿದು ನಿಲ್ಲುವುದು ಅನುಭವಸ್ಥರ ಕ್ರಮ.

ನೆಲದ ವಿಚಾರದಲ್ಲಿ ಹಿಡುವಳಿದಾರರಿಗೆ ಹೊಸದಾಗಿ ಹೇಳಬೇಕಾದದ್ದು ಹೆಚ್ಚಿಲ್ಲ. ಹಂದಿಯ ಮೂತಿ ನೇಗಿಲಿನ ಕೆಲಸ ಮಾಡುತ್ತದೆ, ಬ್ರಿಟನ್ನಿನ ಜೇಡಿಮಣ್ಣಿನ ಹೊಲ ಚಳಿಗಾಲದ ಮಳೆಯಲ್ಲಿ ಒಂದೆರಡು ತಿಂಗಳಿಗೇ ಕೆಸರುಗದ್ದೆಯಾಗುತ್ತದೆ, ಆದ್ದರಿಂದ ರೊಪ್ಪಗಳನ್ನು ಸರದಿಯಲ್ಲಿ ಬಿಡುವು ಕೊಟ್ಟು ಬಳಸಬೇಕು. ಮೋಟುಮೂತಿಯ ಕುನೆಕುನೆ ಅಗೆಯುವುದಕ್ಕಿಂತ ಮೇಯುವುದು ಹೆಚ್ಚೆಂಬ ಮಾತಿನಲ್ಲಿ ಸತ್ಯವಿದೆಯಾದರೂ ಅದು ಅಗೆಯುವುದೇ ಇಲ್ಲವೆಂದು ನಂಬಿ ಹೂದೋಟದ ಪಕ್ಕಕ್ಕೆ ಬಿಟ್ಟವರು ಪೇಚಿಗೆ ಸಿಕ್ಕಿದ್ದಾರೆ. ವಿದ್ಯುತ್ ಬೇಲಿಯ ಎರಡು ಎಳೆ, ಒಂದು ಮೂತಿಯ ಎತ್ತರಕ್ಕೆ, ಸಾಕಾಗುತ್ತದೆ. ಆದರೆ ಅದನ್ನೆಂದೂ ಕಾಣದ ಮನೆಹಂದಿ ಪೆಟ್ಟು ತಿಂದೊಡನೆ ಹಿಂದೆ ಸರಿಯುವ ಬದಲು ಮುಂದಕ್ಕೆ ನುಗ್ಗುವುದರಿಂದ, ಮೊದಲ ಪಾಠವನ್ನು ಗಟ್ಟಿ ಬೇಲಿಯ ಒಳಗಡೆ ಎಳೆ ಕಟ್ಟಿ ಕಲಿಸಬೇಕು. ಹಂದಿಗೆ ಬೆವರು ಸುರಿಸಿ ಮೈ ತಂಪು ಮಾಡಿಕೊಳ್ಳುವ ಶಕ್ತಿಯಿಲ್ಲ. ಬಿಳಿಚರ್ಮದವು ಇಂಗ್ಲೆಂಡಿನ ಎಳೆಬಿಸಿಲಿಗೂ ಸುಟ್ಟುಕೊಳ್ಳುತ್ತವೆ. ಹೀಗಾಗಿ ಬೇಸಿಗೆಯಲ್ಲಿ ನೆರಳೂ ಕೆಸರು ಹೊಂಡವೂ, ಚಳಿಯಲ್ಲಿ ಗಾಳಿ ಹೊಗದ ಗೂಡು ಮತ್ತು ಹೂತುಕೊಳ್ಳುವಷ್ಟು ಒಣಹುಲ್ಲೂ ಇರಲೇಬೇಕು. ನೀರಿನ ತೊಟ್ಟಿ ಹೆಪ್ಪುಗಟ್ಟಿದ ದಿನಗಳಲ್ಲಿ ವಿಶೇಷ ಎಚ್ಚರ ಬೇಕು: ನೀರಿಲ್ಲದೆ ಒಂದೆರಡು ದಿನ ಕಳೆದ ಹಂದಿಯ ದೇಹದಲ್ಲಿ ಉಪ್ಪಿನಂಶ ಏರಿ, ಆಮೇಲೆ ಒಮ್ಮೆಗೇ ಬೇಕಾದಷ್ಟು ನೀರು ಕುಡಿದರೆ ಮೆದುಳು ಊದಿಕೊಂಡು ಸೆಳವು ಬರುತ್ತದೆ. ಉಪ್ಪುವಿಷ ಎಂದು ಕರೆಯುವ ಈ ಸ್ಥಿತಿಯಲ್ಲಿ ಹೆಚ್ಚು ಉಪ್ಪು ತಿಂದಿರಲೇಬೇಕೆಂದೇನಿಲ್ಲ.

ಬರುವ ಹಂದಿಗಳಲ್ಲಿ ಹಲವು ಬೊಜ್ಜಿನವು. ಹುಬ್ಬಿನ ಕೊಬ್ಬು ಕಣ್ಣಿನ ಮೇಲೆ ಜೋತುಬಿದ್ದು ಕುರುಡಾದವೂ, ಗೊರಸು ಉದ್ದ ಬೆಳೆದು ದೋಣಿಯ ತುದಿಯಂತೆ ಮೇಲಕ್ಕೆ ಬಾಗಿ ಹಿಮ್ಮಡಿಯ ಮೇಲೆ ನಡೆಯುವವೂ ಇವೆ. ತಕ್ಕಡಿಯಿಲ್ಲದೆ ತೂಕ ತಿಳಿಯಲು ದರ್ಜಿಯ ಟೇಪು ಸಾಕು: ಮುಂಗಾಲುಗಳ ಹಿಂದಿನ ಎದೆಯ ಸುತ್ತಳತೆಯನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಎರಡು ಕಿವಿಗಳ ನಡುವಿನಿಂದ ಬಾಲದ ಬುಡದವರೆಗಿನ ಉದ್ದದಿಂದ ಗುಣಿಸಿ, ಬಂದದ್ದನ್ನು 69.3ರಿಂದ ಗುಣಿಸಿದರೆ ಕಿಲೋ ಲೆಕ್ಕದಲ್ಲಿ ಹೆಚ್ಚುಕಡಿಮೆ ತೂಕ ಸಿಗುತ್ತದೆ. ಸುತ್ತಳತೆ ಒಂದು ಮೀಟರು, ಉದ್ದ 90 ಸೆಂಟಿಮೀಟರು ಇರುವ ಹಂದಿ ಸುಮಾರು 62 ಕಿಲೋ ತೂಗುತ್ತದೆ. ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ ಬೊಜ್ಜು ಇಳಿಯುತ್ತಿದೆಯೇ ಎಂಬುದು ಕಣ್ಣಿನ ಅಂದಾಜಿಗಿಂತ ನಿಚ್ಚಳವಾಗಿ ತಿಳಿಯುತ್ತದೆ. ಮೇವನ್ನು ಒಮ್ಮೆಗೇ ಕಡಿತಗೊಳಿಸದೆ ತಿಂಗಳುಗಳ ಮೇಲೆ ಇಳಿಸಬೇಕು, ಉಣಿಸನ್ನು ಬಟ್ಟಲಿನಲ್ಲಿಡದೆ ಹುಲ್ಲಿನಲ್ಲಿ ಚೆಲ್ಲಿ ಹುಡುಕಿ ತಿನ್ನುವಂತೆ ಮಾಡಬೇಕು. ಗೊರಸಿನ ಕೆಲಸಕ್ಕೂ ಉಪಾಯವಿದೆ. ಪಳಗಿದ ಹಂದಿಯ ಹೊಟ್ಟೆಯನ್ನು ಮುಂಗಾಲಿನ ಸಂದಿಯಿಂದ ಹಿಂದಕ್ಕೆ ನಿಧಾನವಾಗಿ ಕೆರೆಯುತ್ತ ಬಂದರೆ ಅದರ ಹಿಂಗಾಲುಗಳು ಮೊದಲು ನಡುಗಿ, ಬೆನ್ನಿನ ಕೂದಲು ನಿಮಿರಿ, ಒಂದು ಉಸಿರು ಬಿಟ್ಟು ಪಕ್ಕಕ್ಕೆ ಉರುಳಿಕೊಳ್ಳುತ್ತದೆ. ಒಂದು ಕೈ ಕೆರೆಯುವುದನ್ನು ನಿಲ್ಲಿಸದೆ ಇನ್ನೊಂದು ಕೈಯಿಂದ ಅರವಿಟ್ಟರೆ ಒಂದು ಸಲಕ್ಕೆ ಒಂದು ಕಾಲಿನ ಗೊರಸಾದರೂ ತಹಬಂದಿಗೆ ಬರುತ್ತದೆ. ಮನೆಯಲ್ಲಿ ಮುದ್ದಿನಿಂದ ಬೆಳೆದದ್ದರ ಲಾಭ ಹಿಡುವಳಿದಾರರಿಗೆ ಸಿಗುವುದು ಇಲ್ಲೊಂದೇ ಕಡೆ.

ಕೊಡುವವರೂ ತೆಗೆದುಕೊಳ್ಳುವವರೂ ಎತ್ತಲು ಹಿಂಜರಿಯುವ ಪ್ರಶ್ನೆಯೊಂದಿದೆ: ಈ ಹಂದಿಯನ್ನು ಮುಂದೆಂದಾದರೂ ಮಾಂಸಕ್ಕೆ ಬಳಸಬಹುದೇ? ಹಲವು ಹಿಡುವಳಿಗಳಲ್ಲಿ ಹಂದಿ ಸಾಕುವುದೇ ಊಟಕ್ಕಾಗಿ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಆದರೆ ಹೆಸರಿಟ್ಟು ಕರೆದ ಹಂದಿ ಹೊಲದಲ್ಲಿ ನೆಮ್ಮದಿಯಾಗಿದೆಯೆಂದು ನಂಬಿಕೊಂಡ ಕುಟುಂಬಕ್ಕೆ ಆರು ತಿಂಗಳ ನಂತರ ಬೇರೆ ಸುದ್ದಿ ತಲುಪುವುದು ನಂಬಿಕೆದ್ರೋಹ. ಉತ್ತರ ಏನೇ ಆಗಿರಲಿ, ಅದು ಹಂದಿ ಬರುವ ಮೊದಲೇ ಬರಹದಲ್ಲಿರಬೇಕು. ಯಾವ ಔಷಧಿ ಯಾವಾಗ ಕೊಡಲಾಗಿದೆಯೆಂಬ ದಾಖಲೆಯೂ ಅದರೊಂದಿಗೆ ಬರಬೇಕು, ಏಕೆಂದರೆ ಕುದುರೆಯನ್ನು ಆಹಾರಕ್ಕಲ್ಲವೆಂದು ಘೋಷಿಸಿ ಬೇರೆ ಔಷಧಿ ಕೊಡಿಸುವ ಅವಕಾಶವಿರುವಂತೆ ಹಂದಿಗೆ ಇಲ್ಲ. ಎಷ್ಟೇ ಮುದ್ದಿನದಾದರೂ ಅದು ಕಾನೂನಿನ ಕಣ್ಣಿನಲ್ಲಿ ಆಹಾರದ ಪ್ರಾಣಿ. ಇನ್ನು ನಡೆಯಲಾರದಷ್ಟು ಕೀಲು ಸವೆದ, ಕಚ್ಚುವ ಚಟ ಬಿಡಿಸಲಾಗದ ಹಂದಿಯ ವಿಷಯದಲ್ಲಿ, ಮೂರನೆಯ ಮನೆಗೆ ದಾಟಿಸುವುದಕ್ಕಿಂತ ಹಳೆಯ ಮನೆಯಲ್ಲಿಯೇ ವೈದ್ಯರಿಂದ ನೋವಿಲ್ಲದ ಸಾವು ಕೊಡಿಸುವುದು ಹೆಚ್ಚು ಮಾನವೀಯವೆಂದು ಹೇಳುವ ಧೈರ್ಯವೂ ಹಿಡುವಳಿದಾರರಿಗೆ ಇರಬೇಕು. ಅದನ್ನು ಕೇಳಿ ಕೊಡುವವರು ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ.

ಒಪ್ಪಿಕೊಂಡ ಹಂದಿ ಆರೋಗ್ಯವಾಗಿದ್ದರೆ 12ರಿಂದ 20 ವರ್ಷ ಬಾಳುತ್ತದೆ. ಐವತ್ತೈದರ ವಯಸ್ಸಿನಲ್ಲಿ ಒಪ್ಪಿದವರು ಎಪ್ಪತ್ತು ದಾಟಿದ ಮೇಲೂ ಜನವರಿಯ ಮುಂಜಾನೆ ಕೆಸರಿನಲ್ಲಿ ಬಕೆಟ್ಟು ಹೊರಬೇಕಾದೀತು. ಈ ಅವಧಿಯ ಮೇವು, ವೈದ್ಯ, ಬೇಲಿಗಳ ವೆಚ್ಚಕ್ಕೆ ಕೊಡುವವರಿಂದ ತಿಂಗಳಿಗಿಷ್ಟೆಂದು ಅಥವಾ ಒಟ್ಟಿಗೆ ಇಷ್ಟೆಂದು ಕೇಳುವುದನ್ನು ಕೆಲವರು ಸಣ್ಣತನವೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಮರಿಗೆ ನೂರಾರು ಪೌಂಡು ತೆತ್ತವರಿಗೆ ಅದರ ಮುಪ್ಪಿನ ಖರ್ಚಿನಲ್ಲಿ ಪಾಲಿರುವುದು ನ್ಯಾಯವೇ. ಕೊನೆಯ ಖರ್ಚನ್ನೂ ಆ ಲೆಕ್ಕದಲ್ಲಿ ಸೇರಿಸಬೇಕು: ಸತ್ತ ಹಂದಿಯನ್ನು, ಅದು ಎಂಥ ಅಚ್ಚುಮೆಚ್ಚಿನದಾದರೂ, ಸ್ವಂತ ಹೊಲದಲ್ಲಿ ಹೂಳಲು ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಅನುಮತಿಯಿಲ್ಲ, ಪರವಾನಗಿಯುಳ್ಳ ಸಂಗ್ರಾಹಕರನ್ನು ಕರೆಸಿ, ಹಣ ಕೊಟ್ಟು ಸಾಗಿಸಬೇಕು. ಜೋಡಿಯಲ್ಲಿ ಒಂದು ಹೋದರೆ ಉಳಿದದ್ದು ಮೇವು ಬಿಟ್ಟು ಬೇಲಿಯುದ್ದಕ್ಕೂ ಓಡಾಡುತ್ತದೆ, ಅದಕ್ಕೊಂದು ಜೊತೆ ಹುಡುಕಬೇಕಾಗುತ್ತದೆ. ಆ ಅವಸರದಲ್ಲಿ ಸಿಕ್ಕಿದ ಮೊದಲ ಹಂದಿಯನ್ನು ನೋಂದಣಿ, ಬೀಜ, ವಯಸ್ಸು ಯಾವುದನ್ನೂ ನೋಡದೆ ತಂದುಬಿಡುವುದೇ ಹೆಚ್ಚು. ಮುದಿಹಂದಿಗೆ ಮರಿಯನ್ನು ಜೊತೆ ಮಾಡಿದರೆ ಇನ್ನೂ ಹದಿನೈದು ವರ್ಷದ ಹೊಣೆ ಶುರುವಾದಂತೆ; ಅದರ ಬದಲು ಬೀಜ ಒಡೆಸಿದ, ಎಂಟು ಹತ್ತು ವರ್ಷ ದಾಟಿದ ಸಾಧು ಗಂಡೊಂದನ್ನು ಹುಡುಕಬಹುದು. ಅಂಥವನ್ನು ಯಾರೂ ಕೇಳಿಕೊಂಡು ಬರುವುದಿಲ್ಲವಾದ್ದರಿಂದ ಅವು ಸಿಗುವುದು ಕಷ್ಟವೂ ಅಲ್ಲ.

ಇಂತು,
ಪಶುಪಾಲನೆಯ ಆಸಕ್ತರೊಬ್ಬರು